ಮನೆ ಎಂಬತ್ತನಾಲ್ಕು, ಅಂಗಳ ಒಂದು

ಮನೆಯೆಂದರೆ ನಾಲ್ಕು ಗೋಡೆಗಳ ನಡುವಣ ಸ್ಥಳ ಮಾತ್ರವಲ್ಲ, ಹೊಸ್ತಿಲಿನ ಆಚೆಗಿರುವುದೂ ಮನೆಯ ಭಾಗವೇ ಎಂಬುದು ನಮ್ಮ ಹಿರಿಯರ ತಿಳುವಳಿಕೆಯಾಗಿತ್ತು. ಜಗಲಿ, ಅಂಗಳ, ಹಿತ್ತಲು, ಬೀದಿಯ ಬಾವಿ, ಊರ ಮುಂದಿನ ಅರಳಿಕಟ್ಟೆ ಇವುಗಳಲ್ಲಿ ಎಲ್ಲಿಯವರೆಗೆ ನನ್ನದು, ಎಲ್ಲಿಂದ ನಮ್ಮದು ಎಂಬ ಎಲ್ಲೆಯನ್ನು ಯಾವ ಕಾಗದಪತ್ರದಲ್ಲಿಯೂ ಬರೆದಿಡದಿದ್ದರೂ ಅದು ಎಲ್ಲರಿಗೂ ಗೊತ್ತಿತ್ತು. ಆ ಎಲ್ಲೆಯು ಪಟ್ಟಣದ ಬಹುಮಹಡಿ ಕಟ್ಟಡಗಳಲ್ಲಿ ಹೇಗೆ ಬದಲಾಗಿದೆ ಎಂಬುದನ್ನು ಕೆಲವು ವರ್ಷಗಳಿಂದ ಕಣ್ಣಾರೆ ಕಾಣುತ್ತಿದ್ದೇನೆ. ಈ ಪತ್ರಿಕೆಯ ಓದುಗರಲ್ಲಿ, ವಿಶೇಷವಾಗಿ ವಿದ್ಯಾರ್ಥಿನಿಲಯದಲ್ಲಿದ್ದು ಓದಿ ಇಂದು ದೊಡ್ಡ ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ, ಅನೇಕರು ಇಂಥ ಮನೆಗಳಲ್ಲಿಯೇ ವಾಸಿಸುತ್ತಿದ್ದಾರೆ. ಆದುದರಿಂದ ಈ ವಿಚಾರವನ್ನು ಅವರೊಡನೆ ಹಂಚಿಕೊಳ್ಳುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ತುಮಕೂರು ಜಿಲ್ಲೆಯ ಸಣ್ಣ ಊರೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಅಧ್ಯಾಪಕನಾಗಿದ್ದು ನಿವೃತ್ತನಾದವನು ನಾನು. ಪತ್ನಿಯ ವಿಯೋಗದ ಬಳಿಕ ಮಗನೂ ಸೊಸೆಯೂ ಒತ್ತಾಯಪಡಿಸಿ ನನ್ನನ್ನು ಬೆಂಗಳೂರಿನ ಬಸವನಗುಡಿಗೆ ಕರೆತಂದರು. ಅಲ್ಲಿನ ಹನ್ನೆರಡು ಅಂತಸ್ತಿನ ಕಟ್ಟಡವೊಂದರಲ್ಲಿ ಏಳನೆಯ ಅಂತಸ್ತಿನ ಮನೆ ಅವರದು. ಅಂತಸ್ತಿಗೆ ಏಳರಂತೆ ಒಟ್ಟು ಎಂಬತ್ತನಾಲ್ಕು ಮನೆಗಳು. ನನ್ನ ಊರಿನ ಒಂದು ಕೇರಿಯಲ್ಲಿಯೂ ಅಷ್ಟು ಮನೆಗಳಿರಲಿಲ್ಲ!

ಬಸವನಗುಡಿಯ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕೆಂಪೇಗೌಡರ ಹೆಸರಿನೊಡನೆ ಕೂಡಿಕೊಂಡಿರುವ ದೊಡ್ಡ ಬಸವಣ್ಣನ ದೇವಾಲಯವು ಸುಂಕೇನಹಳ್ಳಿಯೆಂಬ ಗ್ರಾಮದ ನೆಲದಲ್ಲಿದ್ದಿತು. ಆ ಬಸವನಿಂದಲೇ ಬಡಾವಣೆಗೆ ಹೆಸರು ಬಂದಿತು. ಆದರೆ ಬಡಾವಣೆಯು ತುಂಬಿ ಬೆಳೆದುದಕ್ಕೆ ಕಾರಣ ಭಕ್ತಿಯಲ್ಲ, ಭಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದೆರಗಿದಾಗ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ, ಗಾಳಿ ಬೆಳಕುಗಳಿಲ್ಲದ ಮನೆಗಳಲ್ಲಿ ಜನರು ಅಸಂಖ್ಯಾತರಾಗಿ ಸತ್ತರು. ಜನಸಂದಣಿಯೇ ರೋಗದ ತವರೆಂದು ತಿಳಿದ ಅಂದಿನ ಆಡಳಿತಗಾರರು ದಕ್ಷಿಣಕ್ಕೆ ಬಸವನಗುಡಿಯನ್ನೂ ಉತ್ತರಕ್ಕೆ ಮಲ್ಲೇಶ್ವರವನ್ನೂ ಬೆಳೆಸಿದರು. ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಸಾಲುಮರಗಳು ಇವೆಲ್ಲವೂ ಅಂದಿನವರಿಗೆ ಅಲಂಕಾರವಾಗಿರಲಿಲ್ಲ; ಆರೋಗ್ಯದ ಅಗತ್ಯವಾಗಿದ್ದವು. ಮುಂದೆ ಡಿ.ವಿ.ಗುಂಡಪ್ಪನವರು ಈ ಪ್ರದೇಶದಲ್ಲಿ ಬಾಳಿದರು. ಪಕ್ಕದ ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಯಿದ್ದಿತು. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ವಿಶ್ವಸಂಸ್ಕೃತಿ ಸಂಸ್ಥೆಯೂ 1945ರಲ್ಲಿ ಹುಟ್ಟಿದವು. ಅದಕ್ಕೂ ಮುಂಚೆ, 1943ರಲ್ಲಿ, ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಎಂಬ ಉಪಾಹಾರಗೃಹ ಆರಂಭವಾಗಿದ್ದಿತು. ಸಭೆ, ಸಂಗೀತ, ಉಪನ್ಯಾಸ, ದೋಸೆ ಇವು ನಾಲ್ಕೂ ನಡಿಗೆಯ ದೂರದಲ್ಲಿ ದೊರೆಯುವ ಬಡಾವಣೆಯೆಂಬ ಕೀರ್ತಿ ಅದಕ್ಕೆ ಬಂದಿತು. ಕಾರ್ತಿಕ ಮಾಸದ ಕಡೆಯ ಸೋಮವಾರ ಇಂದಿಗೂ ಮಾಗಡಿ, ಕೋಲಾರಗಳ ಕಡೆಯ ರೈತರು ಕಡಲೆಕಾಯಿಯನ್ನು ತಂದು ದೇವಾಲಯದ ರಸ್ತೆಯುದ್ದಕ್ಕೂ ರಾಶಿ ಹಾಕುತ್ತಾರೆ. ಬೆಳೆಯ ಮೊದಲ ಪಾಲು ಬಸವನಿಗೆ, ಮಿಕ್ಕುದು ಪರಿಷೆಗೆ ಬಂದವರಿಗೆ.

ಜನಸಂದಣಿಯಿಂದ ಪಾರಾಗಲೆಂದು ಹುಟ್ಟಿದ ಈ ಬಡಾವಣೆಯಲ್ಲಿ ಇಂದು ಮನೆಯ ಮೇಲೆ ಮನೆಯನ್ನು ಪೇರಿಸುತ್ತಿರುವುದು ಕಾಲದ ವೈಚಿತ್ರ್ಯವೇ ಸರಿ. ಆದರೆ ಅದಕ್ಕೆ ಯಾರೊಬ್ಬರನ್ನೂ ದೂಷಿಸಿ ಫಲವಿಲ್ಲ. ನಮ್ಮ ಕಟ್ಟಡವಿರುವ ಜಾಗದಲ್ಲಿ ಹಿಂದೆ ಎರಡು ಹಳೆಯ ಬಂಗಲೆಗಳೂ ಅವುಗಳ ಹಿಂದೆ ಒಂದು ಸಣ್ಣ ಕಾರ್ಖಾನೆಯೂ ಇದ್ದವಂತೆ. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಕ್ಕಳ ಕಾಲದಲ್ಲಿ ಒಂಬತ್ತು ಮಂದಿ ಹಕ್ಕುದಾರರು. ಅವರಲ್ಲಿ ಐವರು ಪರದೇಶದಲ್ಲಿ. ಮಾವಿನ ಮರವನ್ನು ಒಂಬತ್ತು ಪಾಲು ಮಾಡುವ ಬಗೆ ಹೇಗೆ? ನೆಲದ ಬೆಲೆ ಗಗನಕ್ಕೇರಿತು. ಹೆಂಚಿನ ಮನೆಯನ್ನು ರಿಪೇರಿ ಮಾಡಿಸುವ ವೆಚ್ಚವೂ ಏರಿತು. ಕೊನೆಗೆ ಕಟ್ಟಡ ಕಟ್ಟುವವರೊಡನೆ ಜಂಟಿ ಅಭಿವೃದ್ಧಿಯ ಒಪ್ಪಂದವಾಯಿತು. ನೆಲ ಇವರದು, ಬಂಡವಾಳ ಅವರದು; ಕಟ್ಟಿದ ಮನೆಗಳಲ್ಲಿ ಇಬ್ಬರಿಗೂ ಗೊತ್ತುಪಡಿಸಿದ ಪಾಲು. ಹಳೆಯ ಬಡಾವಣೆಗಳ ಎಷ್ಟೋ ಬಂಗಲೆಗಳು ಹೀಗೆಯೇ ಮರೆಯಾಗಿವೆ.

ಇನ್ನು ಕಟ್ಟಡದ ವೈಭವವನ್ನು ಕೇಳಿ. ಈಜುಕೊಳವುಂಟು, ವ್ಯಾಯಾಮಶಾಲೆಯುಂಟು, ಷಟಲ್ ಆಡುವ ಒಳಾಂಗಣವುಂಟು, ಹವಾನಿಯಂತ್ರಿತ ಸಭಾಭವನವುಂಟು, ಮೂವತ್ತು ಜನ ಕುಳಿತು ಸಿನಿಮಾ ನೋಡುವ ಕೋಣೆಯುಂಟು, ಮಕ್ಕಳಿಗೆ ಜಾರುಬಂಡೆ, ವೃದ್ಧರಿಗೆ ನಡೆಯುವ ದಾರಿ. ವಿದ್ಯುತ್ತು ಹೋದ ಕೆಲವೇ ಕ್ಷಣಗಳಲ್ಲಿ ಜನರೇಟರು ತಾನಾಗಿ ಚಾಲೂ ಆಗುತ್ತದೆ. ಬಳಸಿದ ನೀರನ್ನು ನೆಲಮಾಳಿಗೆಯ ಶುದ್ಧೀಕರಣ ಘಟಕದಲ್ಲಿ ತಿಳಿಗೊಳಿಸಿ ಶೌಚಾಲಯಕ್ಕೂ ತೋಟಕ್ಕೂ ಮತ್ತೆ ಹಾಯಿಸುತ್ತಾರೆ. ಬಾಗಿಲಿಗೆ ಬಂದವರು ಯಾರೆಂಬುದನ್ನು ಕಾವಲುಗಾರನು ಮೊಬೈಲಿನ ಮೂಲಕ ಕೇಳಿ ಒಪ್ಪಿಗೆ ಪಡೆದ ಮೇಲೆಯೇ ಒಳಗೆ ಬಿಡುತ್ತಾನೆ. ಇವುಗಳಿಗೆಲ್ಲ ಒಟ್ಟಾಗಿ ‘ಸೌಲಭ್ಯ’ಗಳೆಂದು ಹೆಸರು. ಮಾರಾಟದ ಹೊತ್ತಿಗೆ ಹಂಚಿದ ಬಣ್ಣದ ಪುಸ್ತಿಕೆಯಲ್ಲಿ ಇಂಥ ಮೂವತ್ತೆರಡು ಸೌಲಭ್ಯಗಳ ಪಟ್ಟಿಯಿದ್ದಿತು.

ಇವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮಂಡಿನೋವಿನ ಮುದುಕನಿಗೆ ಲಿಫ್ಟು ಎಂಥ ಉಪಕಾರಿಯೆಂಬುದು ಅನುಭವಿಸಿದವನಿಗೇ ಗೊತ್ತು. ಮಗ ಸೊಸೆಯರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮೊಮ್ಮಗಳು ಕೆಳಗಿನ ಅಂಗಳದಲ್ಲಿ ನಿರ್ಭಯವಾಗಿ ಆಡಿಕೊಂಡಿರುತ್ತಾಳೆ. ರಾತ್ರಿಯ ಯಾವ ಹೊತ್ತಿನಲ್ಲಿಯೂ ಒಂದು ಗುಂಡಿಯನ್ನೊತ್ತಿದರೆ ಕಾವಲಿನವರು ಓಡಿಬರುತ್ತಾರೆ. ಊರಿನ ಒಂಟಿಮನೆಯಲ್ಲಿ ನನಗೆ ಇಷ್ಟು ನಿಶ್ಚಿಂತೆ ಇರಲಿಲ್ಲವೆಂಬುದು ಸತ್ಯ.

ಹಾಗೆಂದು ಹಲವು ಸಂಸಾರಗಳು ಒಂದೇ ಆವರಣದಲ್ಲಿ ಬಾಳುವುದು ಬೆಂಗಳೂರಿಗೆ ಹೊಸತೇನೂ ಅಲ್ಲ. ಹಿಂದಿನ ವಠಾರಗಳು ಇದ್ದದ್ದು ಹಾಗೆಯೇ. ನಿರಂಜನರು ಅಂಥದೊಂದು ವಠಾರದ ಮೇಲೆ ‘ರಂಗಮ್ಮನ ವಠಾರ’ವೆಂಬ ಕಾದಂಬರಿಯನ್ನೇ ರಚಿಸಿದ್ದಾರೆ. ಒಂದೇ ನಲ್ಲಿ, ಒಂದೇ ಬಚ್ಚಲು, ಗೋಡೆಯಾಚೆಯ ಕೆಮ್ಮು ಈಚೆಗೆ ಕೇಳುವಷ್ಟು ಸಾಮೀಪ್ಯ. ಆ ಬಾಳಿನಲ್ಲಿ ಸುಖಕ್ಕಿಂತ ಕಷ್ಟವೇ ಹೆಚ್ಚು, ಏಕಾಂತವೆಂಬುದು ಕನಸಿನ ಮಾತು, ನೀರಿಗಾಗಿ ನಿತ್ಯ ಜಗಳ. ಅದನ್ನು ಸ್ವರ್ಗವೆಂದು ಬಣ್ಣಿಸುವವರು ಅಲ್ಲಿ ಬಾಳಿದವರಲ್ಲ. ಆದರೂ ವಠಾರಕ್ಕೂ ನಮ್ಮ ಕಟ್ಟಡಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ವಠಾರದಲ್ಲಿ ಕೊರತೆಯು ಜನರನ್ನು ಒಟ್ಟಿಗೆ ತಂದಿತು. ಇಲ್ಲಿ ಸಮೃದ್ಧಿಯು ಒಬ್ಬರಿಗೊಬ್ಬರ ಅಗತ್ಯವೇ ಬೀಳದಂತೆ ಮಾಡಿದೆ. ಹೆಪ್ಪಿಗೆ ಮಜ್ಜಿಗೆ ಬೇಕಾದರೆ ನೆರೆಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಹತ್ತೇ ನಿಮಿಷದಲ್ಲಿ ಹುಡುಗನೊಬ್ಬ ಸ್ಕೂಟರಿನಲ್ಲಿ ತಂದುಕೊಡುತ್ತಾನೆ.

ಕುತೂಹಲದ ಸಂಗತಿಯೆಂದರೆ ಇಂಥ ಕಟ್ಟಡಗಳಿಗಾಗಿ ಕರ್ನಾಟಕದಲ್ಲಿ 1972ರಲ್ಲಿ ಆದ ಕಾನೂನಿನ ಮೂಲಕಲ್ಪನೆಯೇ ಸಹಬಾಳ್ವೆಯದು. ಮನೆಯ ಒಳಭಾಗ ಅವರವರದು. ನೆಲ, ಮೆಟ್ಟಿಲು, ಲಿಫ್ಟು, ತೋಟ, ನೀರಿನ ತೊಟ್ಟಿ, ಸಭಾಭವನ ಇವೆಲ್ಲವುಗಳಲ್ಲಿ ಪ್ರತಿಯೊಬ್ಬ ಮಾಲೀಕನಿಗೂ ಅವಿಭಾಜ್ಯವಾದ ಪಾಲು. ಆ ಪಾಲನ್ನು ಬೇರೆ ಮಾಡಿಕೊಡಿರೆಂದು ಯಾರೂ ಕೇಳುವಂತಿಲ್ಲ. ಮನೆಯನ್ನು ಇಟ್ಟುಕೊಂಡು ಪಾಲನ್ನು ಮಾತ್ರ ಮಾರುವಂತಿಲ್ಲ. ‘ನಾನು ಈಜುವುದಿಲ್ಲ, ಆದುದರಿಂದ ಕೊಳದ ವೆಚ್ಚ ಕೊಡುವುದಿಲ್ಲ’ವೆಂದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಇದನ್ನು ಓದಿದಾಗ ನನಗೆ ಅವಿಭಕ್ತ ಕುಟುಂಬದ ನೆನಪಾಯಿತು. ಮನೆಮನೆಗಳಲ್ಲಿ ನಾವು ಮುರಿದುಕೊಂಡ ಅವಿಭಕ್ತತೆಯನ್ನು ಕಾನೂನು ಮತ್ತೊಂದು ಬಾಗಿಲಿನಿಂದ ಒಳಗೆ ತಂದಿದೆ! ಆದರೆ ಕಾನೂನು ಪಾಲನ್ನು ಕೊಡಬಲ್ಲುದೇ ಹೊರತು ಮನಸ್ಸನ್ನು ಕೊಡಲಾರದು.

2024ರ ಬೇಸಗೆಯಲ್ಲಿ ಈ ಮಾತಿಗೆ ಮೊದಲ ಪರೀಕ್ಷೆ ಬಂದಿತು. ಬೆಂಗಳೂರು ಕುಡಿಯುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಿಂದ ಮೇಲೇರಿ ಬರಬೇಕು. 1974ರಿಂದ ಹಂತಹಂತವಾಗಿ ಹೀಗೆ ಬರುತ್ತಿದೆ. ಅದು ಸಾಲದ ಕಡೆ ಕೊಳವೆಬಾವಿಗಳೇ ಗತಿ. ಹಿಂದಿನ ವರ್ಷದ ಮಳೆ ಕೈಕೊಟ್ಟಿದ್ದರಿಂದ ನಗರದ ಅಸಂಖ್ಯಾತ ಕೊಳವೆಬಾವಿಗಳೊಂದಿಗೆ ನಮ್ಮದೂ ಬತ್ತಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ, ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಲಿಯು ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿತು. ಕೊಳವು ಬರಿದಾಗಿ ಅದರ ನೀಲಿ ಹಾಸುಗಲ್ಲುಗಳ ಮೇಲೆ ಒಣಗಿದೆಲೆಗಳು ಬಿದ್ದವು. ಟ್ಯಾಂಕರಿನ ನೀರನ್ನು ಹಂಚುವ ಬಗ್ಗೆ ಸಭೆ ಕರೆದಾಗ, ಒಬ್ಬರ ಮುಖವನ್ನೊಬ್ಬರು ಲಿಫ್ಟಿನಲ್ಲಿ ಮಾತ್ರ ಕಂಡಿದ್ದ ಜನರು ಮೊದಲ ಬಾರಿಗೆ ಎದುರುಬದುರಾಗಿ ಕುಳಿತರು. ಹನ್ನೊಂದನೆಯ ಅಂತಸ್ತಿನ ಎಂಜಿನಿಯರೊಬ್ಬರು ಮಳೆನೀರಿನ ಕೊಯ್ಲಿನ ಗುಂಡಿಯಲ್ಲಿ ಹೂಳು ತುಂಬಿದೆಯೆಂದು ತೋರಿಸಿಕೊಟ್ಟರು. 2009ರಿಂದ ನಗರದಲ್ಲಿ ಕಡ್ಡಾಯವಾದ ಆ ವ್ಯವಸ್ಥೆ ನಮ್ಮಲ್ಲಿಯೂ ಇತ್ತು. ಅದನ್ನು ನೋಡಿಕೊಳ್ಳುವ ಒಡೆಯ ಮಾತ್ರ ಇರಲಿಲ್ಲ. ಎರಡು ಭಾನುವಾರಗಳಲ್ಲಿ ಗುಂಡಿಯು ಶುದ್ಧವಾಯಿತು. ಮೂವತ್ತೆರಡು ಸೌಲಭ್ಯಗಳು ಮಾಡದ ಪರಿಚಯವನ್ನು ಒಂದು ಕೊರತೆ ಮಾಡಿಸಿತು.

ಎರಡನೆಯ ಪರೀಕ್ಷೆಯು ಇದಕ್ಕಿಂತ ಕಠಿಣವಾಗಿದ್ದಿತು. ನಾಲ್ಕನೆಯ ಅಂತಸ್ತಿನಲ್ಲಿ ನನ್ನ ವಯಸ್ಸಿನವರೇ ಆದ ಹಿರಿಯರೊಬ್ಬರಿದ್ದರು. ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ನಿತ್ಯವೂ ಬೆಳಗ್ಗೆ ನಾವಿಬ್ಬರೂ ಕಹಳೆಬಂಡೆಯ ಉದ್ಯಾನದಲ್ಲಿ ಒಂದು ಸುತ್ತು ಹಾಕಿ, ಬಾವಲಿಗಳು ತೂಗುವ ಮರಗಳ ಕೆಳಗೆ ಕುಳಿತು ಮಾತನಾಡಿಕೊಂಡು ಬರುತ್ತಿದ್ದೆವು. ಅದೇ ವರ್ಷದ ಮಳೆಗಾಲದ ಒಂದು ರಾತ್ರಿ ಅವರು ನಿದ್ರೆಯಲ್ಲಿಯೇ ತೀರಿಕೊಂಡರು. ಬೆಳಗಿನ ಜಾವ ಅವರ ಪತ್ನಿ ದೂರವಾಣಿ ಮಾಡಿದಾಗ ಓಡಿಹೋದೆ. ಮಕ್ಕಳಿಬ್ಬರೂ ಅಮೆರಿಕೆಯಲ್ಲಿದ್ದರು, ಅವರು ಬರುವವರೆಗೆ ಕಾಯುವುದು ಬೇಡವೆಂದು ಆಕೆಯೇ ಗಟ್ಟಿಮನಸ್ಸಿನಿಂದ ನಿರ್ಧರಿಸಿದ್ದರು. ಆದರೆ ನಂಟರು, ಬ್ಯಾಂಕಿನ ಹಳೆಯ ಗೆಳೆಯರು ಅಂತಿಮದರ್ಶನಕ್ಕೆ ಬರಬೇಕಲ್ಲ? ಮನೆಯ ನಡುಕೋಣೆಯಲ್ಲಿ ಹತ್ತು ಜನ ನಿಲ್ಲುವುದೂ ಕಷ್ಟ. ಆಕೆ ನನ್ನನ್ನು ನೋಡಿ ಕೇಳಿದರು: “ಮೇಷ್ಟ್ರೇ, ಇವರನ್ನು ಎಲ್ಲಿ ಮಲಗಿಸೋಣ?”

ಆ ಪ್ರಶ್ನೆಗೆ ನಮ್ಮ ಕಟ್ಟಡದಲ್ಲಿ ಉತ್ತರವಿರಲಿಲ್ಲ. ಸಭಾಭವನವನ್ನು ಹುಟ್ಟುಹಬ್ಬ, ನಾಮಕರಣ, ನಿಶ್ಚಿತಾರ್ಥಗಳಿಗೆ ಮಾತ್ರ ಕೊಡತಕ್ಕದ್ದೆಂದೂ, ಶವವನ್ನು ಸಾಮಾನು ಸಾಗಿಸುವ ಲಿಫ್ಟಿನಲ್ಲಿಯೇ ಇಳಿಸತಕ್ಕದ್ದೆಂದೂ, ಮುಂಬಾಗಿಲ ಹಜಾರದಲ್ಲಿ ಇರಿಸಕೂಡದೆಂದೂ ಸಂಘದ ನಿಯಮಾವಳಿಯಲ್ಲಿ ಬರೆದಿತ್ತು. ಮಳೆ ಧಾರಾಕಾರವಾಗಿ ಸುರಿಯುತ್ತಿತ್ತು. ಕಡೆಗೆ ನೆಲಮಾಳಿಗೆಯಲ್ಲಿ, ಎರಡು ಕಾರುಗಳ ನಡುವಣ ಜಾಗದಲ್ಲಿ, ಆ ಹಿರಿಯರನ್ನು ಮಲಗಿಸಬೇಕಾಯಿತು. ಕಾವಲು ಕಾಯುವ ಒಡಿಶಾದ ತರುಣನು ಎಲ್ಲಿಂದಲೋ ಬೆಂಚೊಂದನ್ನು ಹೊತ್ತು ತಂದನು. ಕಟ್ಟಡದ ಕಸ ಗುಡಿಸುವ, ರಾಯಚೂರಿನ ಕಡೆಯ ಹೆಣ್ಣುಮಗಳು ನೆಲವನ್ನು ಎರಡು ಸಲ ತೊಳೆದು, ತನ್ನ ಜೋಪಡಿಯಿಂದ ಹಣತೆಯನ್ನು ತಂದು ಹಚ್ಚಿಟ್ಟಳು. “ಅಜ್ಜಾರ, ಮಂದಿ ಸತ್ತ ಹೊತ್ತಿನ್ಯಾಗ ಬಾಗಲಾ ಹಾಕ್ಕೋಬಾರದ್ರಿ,” ಎಂದಳು. ಮೇಲಿನ ಅಂತಸ್ತುಗಳಲ್ಲಿ ಬಹುತೇಕ ಬಾಗಿಲುಗಳು ಮುಚ್ಚಿದ್ದವು. ಒಳಗಿದ್ದವರು ಕಲ್ಲೆದೆಯವರೆಂದಲ್ಲ, ಹಲವರಿಗೆ ಸಾವಿನ ಸುದ್ದಿಯೇ ತಲಪಿರಲಿಲ್ಲ, ತಲಪಿದವರಿಗೆ ತಾವೇನು ಮಾಡಬೇಕೆಂದು ತೋಚಲಿಲ್ಲ. ಒಂಬತ್ತು ಗಂಟೆಗೆ ಕಾರು ತೆಗೆಯಲು ಇಳಿದುಬಂದ ಯುವಕನೊಬ್ಬನು ಕೈಚೀಲವನ್ನು ಕೆಳಗಿಟ್ಟು, ಕಚೇರಿಗೆ ಹೋಗದೆ, ಬನಶಂಕರಿಯ ಚಿತಾಗಾರದವರೆಗೂ ನಮ್ಮೊಡನೆ ಬಂದನು. ಅವನು ಅದೇ ನಾಲ್ಕನೆಯ ಅಂತಸ್ತಿನವನು. ತೀರಿಕೊಂಡವರ ಹೆಸರನ್ನು ಅವನು ತಿಳಿದದ್ದು ಅಂದೇ.

ಮುಂದಿನ ತಿಂಗಳು ಸಂಘದ ಸರ್ವಸದಸ್ಯರ ಸಭೆ ಸೇರಿತು. ನಿಯಮವನ್ನು ಬದಲಾಯಿಸಬೇಕೆಂದು ಆ ತಾಯಿಯ ಪರವಾಗಿ ನಾನೂ ಆ ಯುವಕನೂ ಮನವಿ ಸಲ್ಲಿಸಿದ್ದೆವು. ವಿರೋಧಿಸಿದವರ ಮಾತುಗಳನ್ನು ನ್ಯಾಯವಾಗಿ ಹೇಳಬೇಕು. ಸಣ್ಣ ಮಕ್ಕಳ ತಾಯಿಯೊಬ್ಬರು, “ಸರ್, ಹಿಂದಿನ ದಿನ ಶವವಿದ್ದ ಕೋಣೆಯಲ್ಲಿ ಮಾರನೆಯ ದಿನ ಮಗುವಿನ ಹುಟ್ಟುಹಬ್ಬವನ್ನು ಹೇಗೆ ಮಾಡಲಿ? ಮಗು ಹೆದರಿದರೆ?” ಎಂದರು. ಇನ್ನೊಬ್ಬರು ಇದರಿಂದ ಮನೆಗಳ ಬೆಲೆ ಕುಗ್ಗೀತೆಂದರು. ಮತ್ತೊಬ್ಬರು ಒಂದೊಂದು ಮತದವರ ಸಂಸ್ಕಾರ ಒಂದೊಂದು ಬಗೆ, ಧೂಪ ದೀಪಗಳಿಂದ ಬೆಂಕಿಯ ಅಪಾಯವುಂಟೆಂದರು. ಇವಾವುವೂ ತಳ್ಳಿಹಾಕುವ ಮಾತುಗಳಾಗಿರಲಿಲ್ಲ.

ನನ್ನ ಸರದಿ ಬಂದಾಗ ನಾನು ಹೇಳಿದುದಿಷ್ಟೇ. ಈ ಕಟ್ಟಡದಲ್ಲಿ ಹುಟ್ಟಿದ ಮಗುವಿಗೆ ತೊಟ್ಟಿಲು ತೂಗಲು ಜಾಗವಿದೆ. ಅದು ಆಡಲು, ಈಜಲು, ಓದಲು, ಮದುವೆಯ ಮಾತಾಡಲು ಜಾಗವಿದೆ. ಇಲ್ಲಿಯೇ ಮುಪ್ಪಾಗಿ ಕಣ್ಮುಚ್ಚಿದವನಿಗೆ ನಾಲ್ಕು ಗಂಟೆಗಳ ಕಾಲ ಮಲಗಲು ಜಾಗವಿಲ್ಲವೆಂದರೆ, ನಾವು ಕೊಂಡಿರುವುದು ಮನೆಯನ್ನಲ್ಲ, ಛತ್ರದ ಕೋಣೆಯನ್ನು. ಛತ್ರದಲ್ಲಿ ಸಾಯುವವನು ಪರದೇಶಿ. ನಮ್ಮಲ್ಲಿ ಪ್ರತಿಯೊಬ್ಬನಿಗೂ ಆ ಸಭಾಭವನದಲ್ಲಿ ಅವಿಭಾಜ್ಯ ಪಾಲು ಇದೆಯೆಂದು ಕಾನೂನು ಹೇಳಿದೆ. ಆ ಪಾಲು ಪ್ರಾಣ ಹೋದ ಕ್ಷಣಕ್ಕೆ ರದ್ದಾಗುವುದೇ? ಮಕ್ಕಳು ಹೆದರುವುದು ಸಾವನ್ನು ಕಂಡಲ್ಲ. ದೊಡ್ಡವರು ಅದನ್ನು ಬಚ್ಚಿಡುವುದನ್ನು ಕಂಡು.

ಬಹಳ ಹೊತ್ತಿನ ಚರ್ಚೆಯ ಅನಂತರ, ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆಯೊಂದಿಗೆ ನಿರ್ಣಯವಾಯಿತು. ಸಭಾಭವನದ ತೋಟದ ಕಡೆಯ ಅರ್ಧವನ್ನು, ಪ್ರತ್ಯೇಕ ಬಾಗಿಲಿರುವುದರಿಂದ, ಬಾಡಿಗೆಯಿಲ್ಲದೆ ಆರು ಗಂಟೆಗಳವರೆಗೆ ಕೊಡತಕ್ಕದ್ದು. ದೀಪವು ಗಾಜಿನೊಳಗೆ ಇರತಕ್ಕದ್ದು. ಸಾವಿನ ಸುದ್ದಿಯನ್ನು ಕೂಡಲೇ ಎಲ್ಲ ಮನೆಗಳಿಗೂ ತಿಳಿಸತಕ್ಕದ್ದು. ಪ್ರತಿ ಅಂತಸ್ತಿನಿಂದ ಒಬ್ಬರಾದರೂ ಹೋಗಿ ನಿಲ್ಲತಕ್ಕದ್ದು. ಮಗುವಿನ ಮಾತನ್ನೆತ್ತಿದ ಆ ತಾಯಿಯೇ ಕೊನೆಯ ಅಂಶವನ್ನು ಸೂಚಿಸಿದರೆಂಬುದನ್ನು ಸಂತೋಷದಿಂದ ದಾಖಲಿಸುತ್ತೇನೆ. ಅದರ ಮರುವರ್ಷ ಒಂಬತ್ತನೆಯ ಅಂತಸ್ತಿನ ಅಜ್ಜಿಯೊಬ್ಬರು ತೀರಿಕೊಂಡಾಗ ಭವನದಲ್ಲಿ ನಿಲ್ಲಲು ಸ್ಥಳವಿಲ್ಲದಷ್ಟು ಜನ ಸೇರಿದ್ದರು. ಆಕೆ ಹೂಕುಂಡಗಳಿಗೆ ನೀರೆರೆಯುವುದನ್ನು ಕಂಡಿದ್ದ ಮಕ್ಕಳು ಒಂದೊಂದು ಹೂವನ್ನು ತಂದು ಆಕೆಯ ಪಾದಗಳ ಬಳಿ ಇಟ್ಟರು. ಯಾವ ಮಗುವೂ ಹೆದರಲಿಲ್ಲ. ಮನೆಗಳ ಬೆಲೆಯೂ ಕುಗ್ಗಿದಂತೆ ಕಾಣಲಿಲ್ಲ.

ಹಾಗೆಂದು ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಅದೇ ಸಭೆಯಲ್ಲಿ ಆ ಯುವಕನು ಇನ್ನೊಂದು ವಿಷಯವನ್ನೂ ಎತ್ತಿದ್ದನು. ಮನೆಗೆಲಸದವರೂ ಕಸ ಗುಡಿಸುವವರೂ ಸಾಮಾನಿನ ಲಿಫ್ಟನ್ನೇ ಬಳಸಬೇಕೆಂಬ ನಿಯಮ ನಮ್ಮಲ್ಲಿದೆ. ಅದು ಕೆಟ್ಟಾಗ ಅವರು ಹನ್ನೆರಡು ಅಂತಸ್ತುಗಳನ್ನೂ ಹತ್ತುತ್ತಾರೆ. ಪಕ್ಕದಲ್ಲಿಯೇ ಎರಡು ಲಿಫ್ಟುಗಳು ಖಾಲಿಯಾಗಿ ಇಳಿದೇರುತ್ತಿರುತ್ತವೆ. ನಮ್ಮ ಅಡುಗೆಮನೆಯೊಳಕ್ಕೆ ಬಂದು ನಾವು ಉಣ್ಣುವ ಪಾತ್ರೆಯನ್ನು ಮುಟ್ಟಬಹುದಾದವರು ನಮ್ಮೊಡನೆ ಅರ್ಧ ನಿಮಿಷ ಲಿಫ್ಟಿನಲ್ಲಿ ನಿಲ್ಲಬಾರದೇಕೆಂದು ಅವನು ಕೇಳಿದನು. ಯಾರೂ ಉತ್ತರಿಸಲಿಲ್ಲ, ಆದರೆ ನಿರ್ಣಯವು ಕೆಲವೇ ಮತಗಳಿಂದ ಬಿದ್ದುಹೋಯಿತು. ಮೃತರ ಬಳಿ ಮೊದಲ ದೀಪವನ್ನು ಹಚ್ಚಿದವಳು ಇಂದಿಗೂ ಆ ಲಿಫ್ಟಿನ ಮುಂದೆ ಕಾಯುತ್ತಾಳೆ. ಅವರಿಗೆ ನೆಲಮಾಳಿಗೆಯಲ್ಲಿ ಒಂದು ಶೌಚಾಲಯವನ್ನೂ ಊಟಕ್ಕೆ ಕುಳಿತುಕೊಳ್ಳುವ ಜಾಗವನ್ನೂ ಮಾಡಿಕೊಡಲು ಮಾತ್ರ ಒಪ್ಪಿಗೆ ದೊರೆಯಿತು. ಲಿಫ್ಟಿನ ವಿಷಯವನ್ನು ಬರುವ ಸರ್ವಸದಸ್ಯರ ಸಭೆಗೆ ಮತ್ತೆ ಬರೆದುಕೊಟ್ಟಿದ್ದೇವೆ. ಅದೂ ಬಿದ್ದರೆ ಅದರ ಮುಂದಿನದಕ್ಕೆ ಬರೆದುಕೊಡುತ್ತೇವೆ.

ಇಂಥ ಕಟ್ಟಡಗಳಲ್ಲಿ ವಾಸಿಸುವ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಸಂಘದ ನಿಯಮಾವಳಿಯನ್ನು ಒಮ್ಮೆ ತರಿಸಿಕೊಂಡು ಓದಿರಿ. ಅದರಲ್ಲಿ ಸಾವಿಗೆ ಎಲ್ಲಿ ಜಾಗವಿದೆ, ನೀರಿನ ಗುಂಡಿಯನ್ನು ಯಾರು ನೋಡಿಕೊಳ್ಳುತ್ತಾರೆ, ನಿಮಗಾಗಿ ದುಡಿಯುವವರು ಯಾವ ಬಾಗಿಲಿನಿಂದ ಬರುತ್ತಾರೆ ಎಂಬುದನ್ನು ಗಮನಿಸಿರಿ. ವಿದ್ಯಾರ್ಥಿನಿಲಯದಲ್ಲಿ ನೂರಾರು ಹುಡುಗರೊಡನೆ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಸೂರಿನಡಿ ಮಲಗಿ ಬೆಳೆದ ನಮಗೆ ಇದು ಹೊಸ ಪಾಠವಲ್ಲ. ಸಭೆಗೆ ಹೋಗಿರಿ, ಬೇಸರವಾದರೂ ಕೊನೆಯವರೆಗೆ ಕುಳಿತಿರಿ, ಕೈಯೆತ್ತುವಾಗ ವಿಚಾರಮಾಡಿ ಎತ್ತಿರಿ. ಸೌಲಭ್ಯಗಳ ಪಟ್ಟಿಯನ್ನು ಕಟ್ಟಡ ಕಟ್ಟಿದವರು ಮಾಡಿಕೊಡುತ್ತಾರೆ. ನೆರೆಹೊರೆಯನ್ನು ಮಾತ್ರ ಅಲ್ಲಿ ವಾಸಿಸುವವರೇ ಕಟ್ಟಿಕೊಳ್ಳಬೇಕು.